ರೋಲ್ಸ್ ರಾಯ್ಸ್ ಬ್ರೇಕು ಫ್ರಾನ್ಸಿನ ಕಾರಿನದ್ದಂತೆ, ಹೌದಾ?

ಮಾಟುಂಗಾ ಮಾಣಿ:
ಭಾನುವಾರ ಹಾರ್ನಿಮನ್ ಸರ್ಕಲ್ ಹತ್ತಿರ ಹಳೇ ಕಾರುಗಳ ರ್‍ಯಾಲಿ ನೋಡಲು ಹೋಗಿದ್ದೆ. ರೋಲ್ಸ್ ರಾಯ್ಸ್ ಒಂದರ ಮುಂದೆ ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರು. ಪಕ್ಕದಲ್ಲಿದ್ದ ಪಾರ್ಸಿ ಅಜ್ಜ ಒಬ್ಬರು, "ಇದರ ಬ್ರೇಕ್ ಇವರದ್ದಲ್ಲ, ಹಿಸ್ಪಾನೊ ಸೂಯಿಜಾದ್ದು" ಅಂದು ಹೋಗೇಬಿಟ್ಟರು. ನಿಜಾನಾ? ಅದು ಸ್ಪೇನಿನ ಕಂಪನಿ ಅಲ್ವಾ, ಫ್ರೆಂಚ್ ಕಾರು ಹೇಗಾಯಿತು?

ಕುರ್ಲಾ ಗ್ಯಾರೇಜು:
ನಿಜ ಮಾರಾಯ್ರೆ. ಆ ಬ್ರೇಕ್ ಇದ್ದ ಹಿಸ್ಪಾನೊ ಕಾರು ಎಚ್6, 1919ರ ಪ್ಯಾರಿಸ್ ಮೋಟಾರು ಮೇಳದಲ್ಲಿ ಬಂದದ್ದು. ಆಗ ಎಷ್ಟೋ ದುಬಾರಿ ಕಾರುಗಳಿಗೂ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್. ಇದಕ್ಕೆ ನಾಲ್ಕಕ್ಕೂ ಇತ್ತು, ಸಾಲದ್ದಕ್ಕೆ ಸರ್ವೋ ಬೇರೆ, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಸಾಧನ. ಗೇರ್‌ಬಾಕ್ಸ್‌ನಿಂದ ತಿರುಗುವ ಒಂದು ಸಣ್ಣ ಡ್ರಮ್ ಇರುತ್ತದೆ, ಪೆಡಲ್ ಒತ್ತಿದರೆ ಲೈನಿಂಗ್ (ಉಜ್ಜುವ ಪಟ್ಟಿ) ಅದಕ್ಕೆ ಹೋಗಿ ಕಚ್ಚುತ್ತದೆ, ಕಚ್ಚಿದ ಕೂಡಲೇ ಆ ತಿರುಗುವ ಬಲವೇ ನಾಲ್ಕೂ ಬ್ರೇಕುಗಳನ್ನು ಎಳೆಯುತ್ತದೆ. ಅಂದರೆ ಕಾರನ್ನು ನಿಲ್ಲಿಸಲು ಕಾರಿನ ಓಟವೇ ದುಡಿಯುತ್ತದೆ, ನಿಮ್ಮ ಕಾಲು ಸುಮ್ನೆ ಸೂಚನೆ ಕೊಟ್ಟರೆ ಸಾಕು. ತೊಂದರೆ ಒಂದೇ. ಕಾರು ತೆವಳುವಾಗ ಡ್ರಮ್ಮೂ ನಿಧಾನ, ಸಹಾಯ ತಡವಾಗಿ ಬರುತ್ತದೆ. ಸಯನ್ ಸರ್ಕಲ್ ಟ್ರಾಫಿಕ್ಕಿಗೆ ನಾನಂತೂ ಒಯ್ಯುವುದಿಲ್ಲ! 1920ರ ದಶಕದಲ್ಲಿ ರೋಲ್ಸ್‌ನವರು ಈ ವಿದ್ಯೆಯನ್ನು ಲೈಸೆನ್ಸ್ ಮೇಲೆ ತಗೊಂಡು ದಶಕಗಟ್ಟಲೆ ಬಳಸಿದರು.

ಪುಣೆ ಕುಲಕರ್ಣಿ:
ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೇಳತೇನ್ರೀ. ಕಂಪನಿ ಶುರುವಾದದ್ದು 1904ರಲ್ಲಿ ಬಾರ್ಸಿಲೋನಾದಲ್ಲಿ, ಎಂಜಿನಿಯರ್ ಮಾರ್ಕ್ ಬಿರ್ಕಿಗ್ಟ್ ಸ್ವಿಸ್ ಮನುಷ್ಯ. ಆದರೆ ದುಡ್ಡಿರುವ ಗಿರಾಕಿಗಳು ಪ್ಯಾರಿಸಿನಲ್ಲಿದ್ದರು, ಅದಕ್ಕೇ ಅಲ್ಲಿಯೂ ಕಾರ್ಖಾನೆ ಹಾಕಿದರು. ಎಚ್6 ತಯಾರಾದದ್ದು ಪ್ಯಾರಿಸ್ ಪಕ್ಕದ ಬ್ವಾ ಕೊಲೊಂಬ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಇವರ ವಿ8 ಎಂಜಿನ್ನು ಸ್ಪಾಡ್ ವಿಮಾನಗಳಲ್ಲಿ ಹಾರಿತ್ತು. ಆ ಅನುಭವವೇ 6.6 ಲೀಟರಿನ ಈ ಆರು ಸಿಲಿಂಡರ್ ಎಂಜಿನ್ನಿಗೆ ಬಂತು: ಅಲ್ಯೂಮಿನಿಯಂ ಬ್ಲಾಕು, ಮೇಲೆ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ). ಬಾನೆಟ್ ಮೇಲಿನ ಹಾರುವ ಕೊಕ್ಕರೆ ಕೂಡ ಯುದ್ಧದ್ದೇ, ಸತ್ತ ಪೈಲಟ್ ಗಿನ್ಮೇರ್‌ನ ದಳದ ಗುರುತು.

ಮಾಟುಂಗಾ ಮಾಣಿ:
ಥ್ಯಾಂಕ್ಸ್ ಇಬ್ಬರಿಗೂ! ಇದನ್ನು ರೇಸಿಗೂ ಬಿಟ್ಟಿದ್ದರಾ?

ಮಡಗಾಂವ್ ಶೆಣೈ:
ಬಿಟ್ಟಿದ್ದರು. ಆಂದ್ರೆ ದ್ಯುಬೊನೆ ಅಂತ ಒಬ್ಬ, ಮದ್ಯದ ಕಂಪನಿ ಮನೆತನದವನು, ಅದೇ ಕೊಕ್ಕರೆ ದಳದಲ್ಲಿ ಯುದ್ಧವಿಮಾನ ಹಾರಿಸಿದವನು. ಎಚ್6ರದ್ದೇ ದೊಡ್ಡ ಎಂಜಿನ್ನಿನ ಮಾದರಿ, 8 ಲೀಟರಿನ ಎಚ್6ಸಿಗೆ ನ್ಯೂಪೋರ್ ವಿಮಾನ ಕಂಪನಿಯಿಂದ ಮರದ ಬಾಡಿ ಮಾಡಿಸಿದ. ತೆಳ್ಳನೆ ಪಟ್ಟಿಗಳು, ಸಾವಿರಾರು ರಿವೆಟ್‌ಗಳು. ದೋಣಿ ಕಟ್ಟಿದ ಹಾಗೆಯೇ ಇದೆ, ಫೋಟೋ ಹುಡುಕಿ ನೋಡಿ. 1924ರಲ್ಲಿ ಸಿಸಿಲಿಯ ತಾರ್ಗಾ ಫ್ಲೋರಿಯೊ ರೇಸಿನಲ್ಲಿ ಆರನೆಯವನಾಗಿ ಬಂದ. ಆ ಘಾಟಿ ತಿರುವುಗಳಲ್ಲಿ ಅಂಥ ಭಾರೀ ಕಾರು! ಆ ಬ್ರೇಕ್ ಇಲ್ಲದೆ ಆಗುವ ಮಾತಲ್ಲ ಅಂತ ನನ್ನ ಲೆಕ್ಕ.

ಕುರ್ಲಾ ಗ್ಯಾರೇಜು:
ಆ ಮರದ ಕಾರು 2022ರಲ್ಲಿ ಅಮೆರಿಕದಲ್ಲಿ 90 ಲಕ್ಷ ಡಾಲರಿಗಿಂತ ಜಾಸ್ತಿಗೆ ಹರಾಜಾಯಿತು ಶೆಣೈ ಮಾಮ್. ಕಂಪನಿ ಮಾತ್ರ 1938ಕ್ಕೇ ಕಾರು ಬಿಟ್ಟು ವಿಮಾನದ ಎಂಜಿನ್ನಿಗೆ ಹೋಯಿತು.