ಆಂದ್ರೆ ಬ್ರಿಂಕ್ ಕಾದಂಬರಿಯ ಕೇಂದ್ರದಲ್ಲಿ ಬಿಳಿಯನೇ ಏಕೆ?

ಧಾರವಾಡದ ಓದುಗ:
ದಕ್ಷಿಣ ಆಫ್ರಿಕಾದ ಆಂದ್ರೆ ಬ್ರಿಂಕ್ ಅವರ ‘ಎ ಡ್ರೈ ವೈಟ್ ಸೀಸನ್’ (1979) ಕಾದಂಬರಿಯನ್ನು ಈಚೆಗೆ ಓದಿದೆ. ಜೊಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ವಸತಿಪ್ರದೇಶವಾದ ಸೊವೆಟೊದ ದಂಗೆಯ ದಿನಗಳಲ್ಲಿ ಮಗನನ್ನು ಕಳೆದುಕೊಂಡ ಗಾರ್ಡನ್ ಎಂಬ ಕಪ್ಪು ಜನಾಂಗದ ಶಾಲಾ ಜವಾನ, ಆ ಸಾವಿನ ನಿಜವನ್ನು ಹುಡುಕಹೊರಟು ತಾನೂ ಪೊಲೀಸರ ವಶದಲ್ಲಿ ಸಾಯುತ್ತಾನೆ. ನೇಣು ಹಾಕಿಕೊಂಡನೆಂದು ಪೊಲೀಸರು ಹೇಳುತ್ತಾರೆ. ಆದರೆ ಕಥೆ ಹಿಂಬಾಲಿಸುವುದು ಅದೇ ಶಾಲೆಯ ಬಿಳಿಯ ಮೇಷ್ಟರಾದ ಬೆನ್ ದು ತೊಯ್ ಅವರನ್ನು. ಇದನ್ನು ಕೃತಿಯ ದೋಷವೆಂದು ತಿಳಿಯಬೇಕೆ?

ಹಳೇ ಮೈಸೂರಿಗ:
ನನಗೆ ಹಾಗೆ ತೋರುವುದಿಲ್ಲ. ಬ್ರಿಂಕ್ (1935–2015) ಸ್ವತಃ ಆಫ್ರಿಕಾನರ್ ಸಮುದಾಯದವರು, ಅಂದರೆ ಆಗ ದೇಶವನ್ನಾಳುತ್ತಿದ್ದ, ಬಹುಮಟ್ಟಿಗೆ ಡಚ್ ಮೂಲದ ಬಿಳಿಯರ ಗುಂಪಿನವರು. ಅವರು ಬರೆಯುತ್ತಿದ್ದ ಆಫ್ರಿಕಾನ್ಸ್ ಆಳುವವರ ಭಾಷೆಯಾಗಿತ್ತು, ಮತ್ತು ಅದನ್ನು ಶಾಲೆಗಳಲ್ಲಿ ಬೋಧನಾ ಮಾಧ್ಯಮವಾಗಿ ಹೇರಿದ್ದರ ವಿರುದ್ಧವೇ 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದಿದ್ದರು. ಹೀಗಿರುವಾಗ ಅವರ ಪ್ರಶ್ನೆ ಮೊದಲು ತನ್ನವರಿಗೇ ಸಲ್ಲಬೇಕಿತ್ತು. ಬೆನ್ ಬಂಡಾಯಗಾರನಲ್ಲ, ಎಲ್ಲೋ ತಪ್ಪಾಗಿದೆ, ನ್ಯಾಯಾಲಯದಲ್ಲಿ ಸರಿಹೋಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ ಸಭ್ಯ ಗೃಹಸ್ಥ. ಸಾವಿನ ವಿಚಾರಣೆಯಲ್ಲಿ ಪೊಲೀಸರು ನಿರ್ದೋಷಿಗಳೆಂದು ತೀರ್ಮಾನವಾದ ಮೇಲೆ ಆ ನಂಬಿಕೆ ಕುಸಿಯುತ್ತದೆ, ಆಮೇಲೆ ಮನೆಯವರೂ ನೆರೆಹೊರೆಯವರೂ ದೂರವಾಗುತ್ತಾರೆ, ಕೊನೆಗೆ ಸ್ವಂತ ಮಗಳೇ ಅವನಿಗೆ ದ್ರೋಹ ಬಗೆಯುತ್ತಾಳೆ. ದಬ್ಬಾಳಿಕೆಗೆ ಸಭ್ಯರ ಮೌನವೂ ಎಷ್ಟು ಆಸರೆ ಎಂಬುದನ್ನು ಒಳಗಿನವನ ಕಣ್ಣಿನಿಂದಲ್ಲದೆ ಬೇರೆ ರೀತಿಯಲ್ಲಿ ಇಷ್ಟು ನಿಷ್ಠುರವಾಗಿ ತೋರಿಸುವುದು ಕಷ್ಟ.

ಕರಾವಳಿ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೂ ಗಾರ್ಡನ್‌ನ ಹೆಂಡತಿ ಎಮಿಲಿಯ ದುಃಖ ನಮಗೆ ಬಹುಮಟ್ಟಿಗೆ ಬೆನ್‌ನ ಮೂಲಕವೇ ದಕ್ಕುತ್ತದೆ ಎಂಬ ಕೊರತೆ ನನ್ನನ್ನು ಕಾಡುತ್ತದೆ. ಆದ್ದರಿಂದ ಈ ಕಾದಂಬರಿಯ ಜೊತೆಗೆ ದಕ್ಷಿಣ ಆಫ್ರಿಕಾದವರೇ ಆದ ಬಿಳಿಯೇತರ ಲೇಖಕ ಅಲೆಕ್ಸ್ ಲಾ ಗುಮಾ ಅವರ ‘ಇನ್ ದ ಫಾಗ್ ಆಫ್ ದ ಸೀಸನ್ಸ್ ಎಂಡ್’ (1972) ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿಯೂ ಪೊಲೀಸರ ವಶದಲ್ಲಿ ಒಬ್ಬ ಸಾಯುತ್ತಾನೆ. ಆದರೆ ಇಲಿಯಾಸ್‌ನ ಚಿತ್ರಹಿಂಸೆಯ ಕೋಣೆಯೊಳಗೆ ನಾವೇ ನಿಂತಿರುತ್ತೇವೆ, ನಡುವೆ ಯಾವ ಮೇಷ್ಟರೂ ಇರುವುದಿಲ್ಲ. ಸ್ವದೇಶದಲ್ಲಿ ಲಾ ಗುಮಾ ಅವರ ಮಾತನ್ನು ಉಲ್ಲೇಖಿಸುವುದೂ ಕಾನೂನುಬಾಹಿರವಾಗಿತ್ತು. ಅವರು 1966ರಲ್ಲಿ ದೇಶ ಬಿಟ್ಟು, 1985ರಲ್ಲಿ ಹವಾನಾದಲ್ಲಿ ತೀರಿಕೊಂಡರು. ಬ್ರಿಂಕ್ ನಿಷೇಧಗಳ ನಡುವೆಯೂ ತಾಯ್ನಾಡಿನಲ್ಲೇ ಇದ್ದು ಬರೆಯಲು ಸಾಧ್ಯವಾಯಿತು ಎಂಬುದರಲ್ಲಿಯೂ ಚರ್ಮದ ಬಣ್ಣದ ಪಾತ್ರವಿದೆ.

ಬಯಲುಸೀಮೆ:
ನಿಷೇಧದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 1973ರಲ್ಲಿ ಪ್ರಕಟವಾದ ಬ್ರಿಂಕ್ ಅವರ ‘ಕೆನ್ನಿಸ್ ಫಾನ್ ಡಿ ಆಂಟ್’ ಮರುವರ್ಷ ನಿಷೇಧಕ್ಕೊಳಗಾಯಿತು. ಆಫ್ರಿಕಾನ್ಸ್ ಭಾಷೆಯ ಪುಸ್ತಕವೊಂದನ್ನು ಸರ್ಕಾರ ನಿಷೇಧಿಸಿದ್ದು ಅದೇ ಮೊದಲು. ಆ ಬಳಿಕ ಅವರು ಇಂಗ್ಲಿಷಿನಲ್ಲಿಯೂ ಬರೆಯತೊಡಗಿದರು. ಇಲ್ಲಿ ಚರ್ಚೆಯಲ್ಲಿರುವ ಕಾದಂಬರಿಯ ಆಫ್ರಿಕಾನ್ಸ್ ಆವೃತ್ತಿಯನ್ನು ಟಾರಸ್ ಎಂಬ ಪುಟ್ಟ ಪ್ರಕಾಶನವು ಸೆನ್ಸಾರ್‌ನವರ ಕಣ್ಣಿಗೆ ಬೀಳುವ ಮುನ್ನವೇ ಓದುಗರಿಗೆ ನೇರವಾಗಿ ತಲುಪಿಸಿತು.

ಇನ್ನು ಮೂಲ ಪ್ರಶ್ನೆಗೆ ಬಂದರೆ, ಕಥೆ ಹೇಳುವವನು ಬೆನ್ ಅಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಜನಪ್ರಿಯ ಪ್ರೇಮಕಾದಂಬರಿಗಳನ್ನು ಬರೆದುಕೊಂಡು ನಿಶ್ಚಿಂತೆಯಿಂದಿದ್ದ ಲೇಖಕನೊಬ್ಬನ ಕೈಗೆ ಬೆನ್ ತನ್ನ ಕಾಗದಪತ್ರಗಳನ್ನು ಒಪ್ಪಿಸಿರುತ್ತಾನೆ. ಬೆನ್ ಸತ್ತ ಮೇಲೆ ಅವನ್ನೆಲ್ಲ ಓದಿ, ಬರೆಯದೆ ಇರಲಾಗದ ಸ್ಥಿತಿಗೆ ಬಂದವನು ಈ ಲೇಖಕ. ನೀವು ಎತ್ತಿದ ಆಕ್ಷೇಪಕ್ಕೆ ಬೆನ್‌ಗಿಂತ ಇವನೇ ಹೆಚ್ಚು ಉತ್ತರಿಸಬೇಕಾದವನು ಎಂದು ನನ್ನ ಅಭಿಪ್ರಾಯ.