ವಿನೈಲ್ ಫ್ರಾಂಕನ್‌ಸ್ಟೈನ್ ಕಿಟ್: ಮೂರು ವಾರ ಆದರೂ ಬಣ್ಣ ಒಣಗ್ತಿಲ್ಲ, ಏನು ಮಾಡಲಿ?

ಕುಂಚಪ್ಪ:
ಎಲ್ಲರಿಗೂ ನಮಸ್ಕಾರ. 1931ರ ಸಿನಿಮಾದಲ್ಲಿ ಬೋರಿಸ್ ಕಾರ್ಲಾಫ್ ಮಾಡಿದ ಫ್ರಾಂಕನ್‌ಸ್ಟೈನ್ ದೈತ್ಯನ ವಿನೈಲ್ ಕಿಟ್ (ತುಂಡು ಜೋಡಿಸಿ ಬಣ್ಣ ಹಚ್ಚುವ ಬೊಂಬೆ) ಕಟ್ಟಿದ್ದೇನೆ. 80ರ ದಶಕದ ಮಾಲು, ಭಾವ ಅಮೆರಿಕದಿಂದ ತಂದುಕೊಟ್ಟಿದ್ದು. ಎನಾಮಲ್ ಬಣ್ಣ ಹಚ್ಚಿ ಇವತ್ತಿಗೆ 22 ದಿನ. ಇನ್ನೂ ಅಂಟಂಟು. ಬೆರಳಿಟ್ಟರೆ ಗುರುತು ಬೀಳುತ್ತದೆ. ನಿನ್ನೆ ಧೂಳು ಒರೆಸಲು ಹೋಗಿ ಬಟ್ಟೆಯ ಎಳೆಯೆಲ್ಲ ದೈತ್ಯನ ಕೋಟಿಗೆ ಅಂಟಿಕೊಂಡಿತು. ಈಗ ಕಂಬಳಿ ಹೊದ್ದ ಹಾಗೆ ಕಾಣ್ತಾನೆ.

ಹೋದ ವರ್ಷ ಇದೇ ಬಣ್ಣ, ಇದೇ ಥಿನ್ನರ್ ಬಳಸಿ ವುಲ್ಫ್ ಮ್ಯಾನ್ (ಸಿನಿಮಾದ ತೋಳಮಾನವ) ಮಾಡಿದ್ದೆ. ಅದು ಅರೋರಾ ಕಂಪನಿಯ ಹಳೇ ಕಿಟ್‌ನ ಮರುಬಿಡುಗಡೆ. ಎರಡೇ ದಿನಕ್ಕೆ ಕಲ್ಲಿನ ಹಾಗೆ ಒಣಗಿತ್ತು. ಮೈಸೂರಲ್ಲಿ ಈಗ ಬಿಡದೆ ಮಳೆ. ಥಂಡಿಗೆ ಹೀಗಾಗಿದೆಯಾ?

ಟೆರೇಸ್ ಗುರು:
ಮಳೆದೇ ಕಾಟ ಗುರು. ಬಿಸಿಲು ಬಂದ ದಿನ ಮಹಡಿ ಮೇಲೆ ಇಟ್ಟುಬಿಡಿ. ಇಲ್ಲಾಂದ್ರೆ ಹತ್ತು ನಿಮಿಷ ಹೇರ್ ಡ್ರೈಯರ್ ಹಿಡಿಯಿರಿ.

ಹಳೇ ಡಬ್ಬ:
ಬಿಸಿಲಿಗೆ ಮಾತ್ರ ಇಡಬೇಡಿ ಮಾರಾಯ್ರೇ! ವಿನೈಲ್ ಬಿಸಿಗೆ ಮೆತ್ತಗಾಗುತ್ತದೆ. ಸಂಜೆ ಹೋಗಿ ನೋಡಿದರೆ ದೈತ್ಯ ಕುಡಿದವನ ಹಾಗೆ ವಾಲಿಕೊಂಡು ನಿಂತಿರ್ತಾನೆ. ನನ್ನ ‘ಮಮ್ಮಿ’ ದೈತ್ಯನ ಕಿಟ್ ಹಾಗೇ ಬಾಗಿದ್ದು. ಅದೂ ಬಿಸಿಲಲ್ಲಲ್ಲ, ಏಪ್ರಿಲ್‌ನಲ್ಲಿ ಕಿಟಕಿ ಪಕ್ಕದ ಕಪಾಟಿನಲ್ಲಿ.

ಕುಂಚಪ್ಪ ಅವರೇ, ಒಂದು ಪರೀಕ್ಷೆ ಮಾಡಿ. ಅದೇ ಡಬ್ಬಿಯ ಬಣ್ಣವನ್ನು ಒಂದು ಗಡಸು ಪ್ಲಾಸ್ಟಿಕ್ ಚಮಚಕ್ಕೆ ಹಚ್ಚಿ, ಅದೇ ಕೋಣೆಯಲ್ಲಿಡಿ. ಎರಡು ದಿನ ಬಿಟ್ಟು ಹೇಳಿ. ಕಿಟ್‌ಗೆ ಪ್ರೈಮರ್ ಹಾಕಿದ್ದಿರಾ? ಒಂದು ಫೋಟೋನೂ ಹಾಕಿ.

ಕುಂಚಪ್ಪ:
ಚಮಚ ಮರುದಿನವೇ ಒಣಗಿತು ಸರ್. ಮಳೆ ಇದ್ದೇ ಇತ್ತು. ಪ್ರೈಮರ್ ಹಾಕಿಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದು ನೇರ ಬಣ್ಣ ಹಚ್ಚಿದೆ. ಶೋಕೇಸಿನ ಫೋಟೋ ಹಾಕಿದ್ದೇನೆ.

ಹಳೇ ಡಬ್ಬ:
ಹಾಗಾದರೆ ತಪ್ಪು ಮಳೆಯದ್ದೂ ಅಲ್ಲ, ಬಣ್ಣದ್ದೂ ಅಲ್ಲ. ವಿನೈಲ್ ಮೇಲೆ ಎನಾಮಲ್ ಹಚ್ಚಿದ್ದೇ ತೊಂದರೆ.

ಅರೋರಾದವರು ದೈತ್ಯರ ಕಿಟ್‌ಗಳನ್ನು 1961ರಲ್ಲಿ ಫ್ರಾಂಕನ್‌ಸ್ಟೈನ್‌ನಿಂದ ಶುರು ಮಾಡಿದರು. ಮರುವರ್ಷ ಡ್ರಾಕುಲಾ, ವುಲ್ಫ್ ಮ್ಯಾನ್ ಬಂದವು. ಅವೆಲ್ಲ ಗಡಸು ಪಾಲಿಸ್ಟೈರೀನ್, ಎನಾಮಲ್‌ಗೆ ಒಗ್ಗುತ್ತದೆ. ನಿಮ್ಮ ವಿನೈಲ್ ಅಂದರೆ ಪಿವಿಸಿ. ಪಿವಿಸಿ ಮೂಲತಃ ಗಡಸು, ನಮ್ಮ ನೀರಿನ ಪೈಪ್ ನೋಡಿ. ಅದನ್ನು ಮೆದು ಮಾಡಲು ಪ್ಲಾಸ್ಟಿಸೈಸರ್ ಅನ್ನೋ ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ಅದು ಒಳಗೇ ಸುಮ್ನೆ ಕೂರುವುದಿಲ್ಲ, ನಿಧಾನಕ್ಕೆ ಮೇಲೆ ಬರುತ್ತದೆ. ಎನಾಮಲ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಕೆಳಗಿಂದ ಈ ಎಣ್ಣೆ ನುಗ್ಗಿದರೆ ಅದು ಮೆತ್ತಗೇ ಉಳಿಯುತ್ತದೆ. ಇನ್ನೂ ಆರು ತಿಂಗಳು ಕಾದರೂ ಅಷ್ಟೇ.

ಬಣ್ಣ ತೆಗೆಯಲೇಬೇಕು. ಅಸಿಟೋನ್, ಲ್ಯಾಕರ್ ಥಿನ್ನರ್ ಎರಡೂ ಬೇಡ, ವಿನೈಲೇ ಹಾಳಾಗುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತನ್ನಿ. ಮೊದಲು ಕತ್ತಿನ ಒಳಭಾಗದಲ್ಲಿ ಹಚ್ಚಿ ನೋಡಿ. ಸರಿ ಇದ್ದರೆ ಹಳೇ ಟೂತ್‌ಬ್ರಷ್‌ನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಒರೆಸುತ್ತಾ ಹೋಗಿ. ನೆನೆಹಾಕಬೇಡಿ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಹತ್ತಿರ ಬೇಡವೇ ಬೇಡ. ಬೇಸರದ ಕೆಲಸ, ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಕೋಟಿನ ಮಡಿಕೆಗಳಲ್ಲಿ ಕಲೆ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಅಂಟು ಉಳಿಯಬಾರದು.

ಆಮೇಲೆ ನೀರಿನ ಅಕ್ರಿಲಿಕ್ ಹಚ್ಚಿ. ಸ್ಪ್ರೇ ಪ್ರೈಮರ್ ಬೇಕೆನಿಸಿದರೆ ಕಾಲಿನ ಒಳಗೆ ಹೊಡೆದು ಒಂದು ವಾರ ಕಾಯಿರಿ. ಸ್ಪ್ರೇಗಳಲ್ಲೂ ಕೆಲವು ಹೀಗೇ ಅಂಟುತ್ತವೆ.

ಟೆರೇಸ್ ಗುರು:
ಓಹ್, ಇದು ಗೊತ್ತಿರಲಿಲ್ಲ. ಬಿಸಿಲಿನ ಮಾತು ವಾಪಸ್ ತಗೊಂಡೆ. ಅಂದ್ರೆ ಪ್ಲಾಸ್ಟಿಕ್ ಸಿಮೆಂಟೂ ವಿನೈಲ್‌ಗೆ ಹಿಡಿಯಲ್ವಾ?

ಹಳೇ ಡಬ್ಬ:
ಹಿಡಿಯಲ್ಲ. ಅದು ಪಾಲಿಸ್ಟೈರೀನ್ ಕರಗಿಸಿ ಬೆಸೆಯುವ ಅಂಟು. ವಿನೈಲ್‌ಗೆ ಫೆವಿಕ್ವಿಕ್ ಸಾಕು, ಸಂದಿಗೆ ಎಂ-ಸೀಲ್. ತುಂಡುಗಳ ಅಂಚಿನ ಹೆಚ್ಚುವರಿ ಕತ್ತರಿಸುವಾಗ ಬಿಸಿನೀರಲ್ಲಿ ಅದ್ದಿ ತೆಗೆದರೆ ಬ್ಲೇಡು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ವಾಲಿದ ಕಾಲಿಗೂ ಬಿಸಿನೀರೇ ಮದ್ದು: ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಲ್ಲಿ ಹಿಡಿಯಿರಿ. ಕಾಲೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿಸಿದರೆ ಮತ್ತೆ ಬಾಗಲ್ಲ. ಆದರೆ ಬಣ್ಣಕ್ಕೆ ಮೊದಲೇ ತುಂಬಿಸಬೇಕು.

ಕುಂಚಪ್ಪ:
ತುಂಬಾ ಉಪಕಾರ ಆಯಿತು ಸರ್. ಹೇಗೂ ಮತ್ತೆ ಬಣ್ಣ ಹಚ್ಚಬೇಕಲ್ಲ, ಮುಖಕ್ಕೆ ಹಸಿರೋ ಬೂದು ಬಣ್ಣವೋ? ಸಿನಿಮಾ ಕಪ್ಪುಬಿಳುಪು.

ಹಳೇ ಡಬ್ಬ:
ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಬಳಸಿದ್ದು ಬೂದು ಮಿಶ್ರಿತ ಹಸಿರು. ಕಪ್ಪುಬಿಳುಪು ಫಿಲ್ಮಿನಲ್ಲಿ ಹೆಣದ ಹಾಗೆ ಬಿಳಚಿ ಕಾಣಲಿ ಅಂತ. ಸೆಟ್ಟಿನಲ್ಲಿ ಕಂಡ ಹಾಗೆ ಬೇಕಿದ್ದರೆ ಹಸಿರು, ಪರದೆ ಮೇಲೆ ಕಂಡ ಹಾಗೆ ಬೇಕಿದ್ದರೆ ಬೂದು. ನಾನಾದರೆ ಬೂದು ಹಚ್ಚಿ, ಕಣ್ಣಿನ ಕುಳಿಯಲ್ಲಿ ಮಾತ್ರ ಹಸಿರು ತೆಳುವಾಗಿ ಹರಿಸುತ್ತೇನೆ.

ಒಂದು ನಿಮಿಷ. ಈಗ ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ದೈತ್ಯನ ಕೈ ಯಾವುದರ ಮೇಲಿದೆ?

ಕುಂಚಪ್ಪ:
ವುಲ್ಫ್ ಮ್ಯಾನ್ ಹೆಗಲ ಮೇಲೆ. 1943ರ ಸಿನಿಮಾದಲ್ಲಿ ಇಬ್ಬರೂ ಹೊಡೆದಾಡ್ತಾರಲ್ಲ, ಆ ಲೆಕ್ಕದಲ್ಲಿ ಹಾಗೆ ನಿಲ್ಲಿಸಿದೆ. ಎರಡೂ ಒಂದಕ್ಕೆ ಎಂಟರ ಅಳತೆ, ಚೆನ್ನಾಗಿ ಹೊಂದುತ್ತಿತ್ತು. ಯಾಕೆ ಸರ್?

ಹಳೇ ಡಬ್ಬ:
ಈಗಲೇ ಹೋಗಿ ಬಿಡಿಸಿ! ಮೆದು ವಿನೈಲ್ ಮುಟ್ಟಿಕೊಂಡೇ ಇದ್ದರೆ ಆ ಪ್ಲಾಸ್ಟಿಸೈಸರ್ ಪಾಲಿಸ್ಟೈರೀನ್‌ಗೂ ಇಳಿದು ಕರಗಿಸುತ್ತದೆ. ಹಳೇ ಕಾರ್ ಕಿಟ್‌ಗಳಲ್ಲಿ ವಿನೈಲ್ ಟೈರು ಚಕ್ರವನ್ನೇ ತಿಂದುಹಾಕಿರುತ್ತದೆ, ನೋಡಿಲ್ಲವಾ?

ಕುಂಚಪ್ಪ:
ಅಂಟಿಕೊಂಡಿತ್ತು ಸರ್. ಚರ್ ಅಂತ ಕಿತ್ತು ಬಂತು. ವುಲ್ಫ್ ಮ್ಯಾನ್ ಹೆಗಲಲ್ಲಿ ನಾಲ್ಕು ಬೆರಳಿನ ಗುಳಿ ಬಿದ್ದಿದೆ. ಹೆಬ್ಬೆರಳು ಮುಟ್ಟಿರಲಿಲ್ಲ, ಪುಣ್ಯ.

ಕುಂಚಪ್ಪ, ಮೂರು ವಾರದ ನಂತರ:
ಐಪಿಎಯಲ್ಲಿ ಉಜ್ಜಿ ಉಜ್ಜಿ ಬಣ್ಣ ತೆಗೆದೆ. ಎರಡು ಭಾನುವಾರ ಹೋಯಿತು. ಅಕ್ರಿಲಿಕ್ ಅರ್ಧ ಗಂಟೆಯಲ್ಲಿ ಒಣಗಿತು, ಹತ್ತು ದಿನ ಆದರೂ ಅಂಟಿಲ್ಲ. ಮುಖಕ್ಕೆ ಬೂದು ಬಣ್ಣವೇ ಹಚ್ಚಿದೆ. ಈಗ ಇಬ್ಬರೂ ಬೇರೆ ಬೇರೆ ಗಾಜಿನ ಹಲಗೆ ಮೇಲಿದ್ದಾರೆ. ಹೆಗಲ ಗುಳಿ ತುಂಬಿಸಲು ಎಂ-ಸೀಲ್ ಕಲಸಿದವನು ಮನಸ್ಸು ಬದಲಿಸಿ, ಗುಳಿಗೇ ಒಂದು ತೊಟ್ಟು ಕೆಂಪು ಬಣ್ಣ ಬಿಟ್ಟೆ. ಹೊಡೆದಾಟದ ಗಾಯ. ದೈತ್ಯನ ಎಡಗಿವಿ ಹಿಂದೆ ಮಾತ್ರ ಸ್ವಲ್ಪ ಹಳೇ ಎನಾಮಲ್ ಉಳಿದು ಇನ್ನೂ ಅಂಟುತ್ತಿದೆ. ಅಲ್ಲಿ ಯಾರಿಗೂ ಮುಟ್ಟಲು ಬಿಡ್ತಿಲ್ಲ.