ಪಾಳು ಬಂಗಲೆಯಲ್ಲಿ ರಾತ್ರಿ ಚಿತ್ರ: ದೀಪ ಹಚ್ಚಿದ ಕೂಡಲೇ ಜನ ಬರುತ್ತಾರೆ, ಪರಿಹಾರ ಹೇಳಿ

ಮಬ್ಬುಗತ್ತಲು
ಸಾಕಾಗಿ ಹೋಗಿದೆ. ಪಾಳು ಬಂಗಲೆ, ಟ್ರೈಪಾಡ್, ಮೂವತ್ತು ಸೆಕೆಂಡು ಶಟರ್ ತೆರೆದಿಡುವ ಎಕ್ಸ್‌ಪೋಷರ್. ಗೋಡೆಯ ಮೇಲೆ ದೀಪ ಆಡಿಸಲು ಶುರು ಮಾಡಿ ಒಂದೆರಡು ಚಿತ್ರ ಆಗುವಷ್ಟರಲ್ಲಿ ಹೊರಗೆ ಟಾರ್ಚ್, ನಾಯಿ, “ಯಾರದು?” ಎಂಬ ಕೂಗು. ಮೊನ್ನೆಯಂತೂ ದೊಣ್ಣೆ ಹಿಡಿದು ಬಂದವರು ಕ್ಯಾಮೆರಾದಲ್ಲಿದ್ದ ಒಂದೊಂದು ಚಿತ್ರವನ್ನೂ ನೋಡಿ, ಬ್ಯಾಗಿನ ತಳ ತಡಕಿದ ಮೇಲೆಯೇ ಬಿಟ್ಟರು. ಬೆಳಕು ಹೊರಗೆ ಕಾಣದಂತೆ ಮಾಡುವುದು ಹೇಗೆ? “ಹಗಲು ಹೋಗಿ” ಎನ್ನುವವರು ದಯವಿಟ್ಟು ಉತ್ತರಿಸಬೇಡಿ.

ಟ್ರೈಪಾಡ್ ಮಾವ
ಆಟೋಫೋಕಸ್ ಸಹಾಯಕ ದೀಪ. ಶಟರ್ ಅರ್ಧ ಒತ್ತಿದಾಗ ಕ್ಯಾಮೆರಾದ ಮುಂಭಾಗದಲ್ಲಿ ಹೊತ್ತಿಕೊಳ್ಳುತ್ತದಲ್ಲ, ಅದೇ. ಮೆನುವಿನಲ್ಲಿ ಆರಿಸಿ, ಕೈಯಿಂದ ಫೋಕಸ್ ಮಾಡಿ. ತೊಂಬತ್ತು ಭಾಗ ಇದೇ ಕಾರಣ.

ಬೇಲೂರು50
ಯಾವ ದೀಪ? ಎಷ್ಟು ವಾಟ್? ಯಾವ ಊರು? ಛಾವಣಿ ಇದೆಯೇ? ಇದೇನೂ ಹೇಳದೆ ಪರಿಹಾರ ಕೇಳಿದರೆ ಶಾಸ್ತ್ರ ಹೇಳುವವರ ಬಳಿ ಹೋಗಬೇಕಾಗುತ್ತದೆ.

ಮಬ್ಬುಗತ್ತಲು
ಮಾಮೂಲಿ ಎಲ್‌ಇಡಿ, 60 ವಾಟ್. ಮೂಡಿಗೆರೆ ಕಡೆ. ಛಾವಣಿ ಮುಕ್ಕಾಲು ಪಾಲು ಇದೆ. ಲೆನ್ಸಿನ ಕಿಂಡಿ ಎಫ್/8, ಬೆಳಕಿನ ಸೂಕ್ಷ್ಮತೆ ಐಎಸ್‌ಓ 100.

ಟ್ರೈಪಾಡ್ ಮಾವ
ಫೋಕಸ್ ದೀಪ ಆರಿಸಿದಿರಾ, ಇಲ್ಲವಾ? ಅದನ್ನು ಹೇಳಲೇ ಇಲ್ಲ.

ಬೇಲೂರು50
ಮಾವ, ಆ ಕಿರುದೀಪ ಎರಡು ಕೋಣೆ ದಾಟುವುದಿಲ್ಲ. ಇವರು 60 ವಾಟಿನ ದೀಪ ಹಿಡಿದು ಓಡಾಡುತ್ತಿದ್ದಾರೆ! ಎಫ್/8 ಬಿಟ್ಟು ಎಫ್/4ಕ್ಕೆ ಬನ್ನಿ, ಕಿಂಡಿ ದೊಡ್ಡದಾಗಿ ಎರಡು ಸ್ಟಾಪ್ ಸಿಕ್ಕಿತು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಐಎಸ್‌ಓ 100ರಿಂದ 800ಕ್ಕೆ ಏರಿಸಿ, ಇನ್ನು ಮೂರು. ಒಟ್ಟು ಐದು ಸ್ಟಾಪ್, ಅಂದರೆ ಈಗ ಸುರಿಯುತ್ತಿರುವ ಬೆಳಕಿನ ಮೂವತ್ತೆರಡರಲ್ಲಿ ಒಂದು ಪಾಲು ಸಾಕು. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಹೊರಗೋಡೆಗೆ ದೀಪವೇ ಬೇಡ: ಎಫ್/4, ಐಎಸ್‌ಓ 400, ಅರ್ಧ ನಿಮಿಷದೊಳಗೆ ಬೆಳದಿಂಗಳೇ ಚಿತ್ರ ತುಂಬುತ್ತದೆ.

ಗೊರೂರು ದಂಡೆ
ಐಎಸ್‌ಓ 800ರಲ್ಲಿ ನೆರಳಿನ ಭಾಗವೆಲ್ಲ ಮರಳು ಎರಚಿದಂತೆ ಬರುತ್ತದೆ. ನನ್ನದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, 14 ಎಂಎಂ ಎಫ್/1.8 ಲೆನ್ಸ್, ಕಾರ್ಬನ್ ಟ್ರೈಪಾಡ್. ಆದರೂ 400 ದಾಟಿಸುವುದಿಲ್ಲ.

ಬೇಲೂರು50
ಲೆನ್ಸಿನ ಬಿಲ್ಲನ್ನೂ ಹಾಕಿಬಿಡಿ ಸರ್, ನೋಡಿಕೊಂಡು ಸುಮ್ಮನಾಗುತ್ತೇವೆ.

ಗೊರೂರು ದಂಡೆ
ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಶೆಟ್ಟಿಹಳ್ಳಿಯ ಹಳೆಯ ಚರ್ಚಿನಲ್ಲಿ ನನಗೂ ಇದೇ ಆಗಿತ್ತು. ಹೇಮಾವತಿಯ ಹಿನ್ನೀರು ಇಳಿದ ಕಾಲ, ಒಳಗೆ ಛಾವಣಿಯೇ ಇಲ್ಲ. ಸಣ್ಣ ಟಾರ್ಚ್ ಹಚ್ಚಿದರೂ ನೀರಿನಾಚೆ ದಡದವರಿಗೆ ಕಾಣುತ್ತದೆ. ಒಂದು ಸಲಹೆ: ದೀಪಕ್ಕೆ ಕಪ್ಪು ಡ್ರಾಯಿಂಗ್ ಹಾಳೆ ಕೊಳವೆಯಂತೆ ಸುತ್ತಿ, ಗೋಡೆಗೆ ಹತ್ತಿರ ಹಿಡಿಯಿರಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಕಿಟಕಿಗಿಂತ ಕೆಳಗೆ ಇಟ್ಟುಕೊಂಡೇ ಆಡಿಸಿ.

ಕಣದ ಕಾಫಿ
ನಮ್ಮದೂ ತೋಟ, ಆ ಕಡೆಯದೇ. ಮೊದಲು ಎರಡು ಪ್ರಶ್ನೆ. ಯಾವ ತಿಂಗಳು? ಬಂಗಲೆಯ ಸುತ್ತ ಏನಿದೆ?

ಮಬ್ಬುಗತ್ತಲು
ಡಿಸೆಂಬರ್. ಸುತ್ತ ತೋಟ, ಕೆಳಗೆ ಆಳುಗಳ ಲೈನ್ ಮನೆಗಳು, ಪಕ್ಕದಲ್ಲೇ ಕಾಫಿ ಒಣಗಿಸುವ ಕಣ. ಅದಕ್ಕೂ ದೀಪಕ್ಕೂ ಏನು ಸಂಬಂಧ?

ಕಣದ ಕಾಫಿ
ಅಯ್ಯೋ ದೇವರೇ! ಅರೇಬಿಕಾ ಕೊಯ್ಲಿನ ನಡುಗಾಲದಲ್ಲಿ, ಲಕ್ಷಗಟ್ಟಲೆ ರೂಪಾಯಿಯ ಕಾಫಿ ಹರಡಿರುವ ಕಣದ ಪಕ್ಕ, ನಡುರಾತ್ರಿ ದೀಪ ಆಡಿಸುತ್ತಿದ್ದೀರಿ. ಕಾವಲಿನವರು ಬರದೆ ಮತ್ತೇನು, ಕಾಫಿ ತಂದುಕೊಡಬೇಕಿತ್ತೇ? ನಮ್ಮಲ್ಲಿ ರಾತ್ರಿ ಬೆಳಕು ಕಂಡರೆ ಮೊದಲು ಹೊಳೆಯುವುದು ಕಾಫಿ, ಕಾಳುಮೆಣಸಿನ ಕಳ್ಳರು. ಆಮೇಲೆ ಮರಗಳ್ಳರು, ಬೇಟೆಯವರು. ಹಳೆಯ ಕಟ್ಟಡವಾದರೆ ನಿಧಿಗಾಗಿ ಅಗೆಯುವವರು. ಬ್ಯಾಗಿನ ತಳ ತಡಕಿದ್ದು ಹಾರೆ, ನಿಂಬೆಹಣ್ಣು, ಕುಂಕುಮ ಹುಡುಕಲು. ಆನೆ ಬಂದಿದೆ ಎಂಬ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಿದ್ದ ರಾತ್ರಿಯಂತೂ ಲೈನ್ ಮನೆಯ ಯಾರೂ ಮಲಗಿರುವುದಿಲ್ಲ, ಕಿಟಕಿಯಲ್ಲೇ ಇರುತ್ತಾರೆ.

ಇನ್ನೊಂದು ವಿಷಯ. ಆ ತಿಂಗಳು ರಾತ್ರಿ ಮಂಜು ಇಳಿಯುತ್ತದೆ. ಹೆಂಚು ಹೋದ ಜಾಗದಿಂದ ಮೇಲಕ್ಕೆ ಹೋದ ಬೆಳಕು ಮಂಜಿನ ಹನಿಗಳಿಗೆ ಬಡಿದು ಚದುರಿ, ಛಾವಣಿಯ ಮೇಲೆ ಬಿಳಿಯ ಕಂಬದಂತೆ ನಿಲ್ಲುತ್ತದೆ. ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿದರೂ ಅದು ತಪ್ಪುವುದಿಲ್ಲ. ನಿಮ್ಮ ಛಾವಣಿಯ ಆ ಕಾಲು ಪಾಲೇ ನಿಮ್ಮನ್ನು ಹಿಡಿದುಕೊಡುತ್ತಿದೆ.

ಟ್ರೈಪಾಡ್ ಮಾವ
ಮಂಜಿನಲ್ಲಿ ಫೋಕಸ್ ದೀಪ ಇನ್ನೂ ಹೆಚ್ಚು ಚದುರುತ್ತದೆ.

ಹಳೇ ರೀಲು
ಕಾರು ಎಲ್ಲಿ ನಿಲ್ಲಿಸಿದ್ದಿರಿ?

ಮಬ್ಬುಗತ್ತಲು
ಗೇಟಿನ ಮುಂದೆ. ಇನ್ನೆಲ್ಲಿ ನಿಲ್ಲಿಸುವುದು?

ಹಳೇ ರೀಲು
ಬೆಂಗಳೂರು ನೋಂದಣಿಯ ಕಾರು, ತೋಟದ ಗೇಟಿನ ಮುಂದೆ, ರಾತ್ರಿ. ದೀಪ ಹಚ್ಚದಿದ್ದರೂ ಬರುತ್ತಿದ್ದರು. ಅಂದ ಹಾಗೆ ಇದು ಐಪಿಸಿ 441, ಅತಿಕ್ರಮ ಪ್ರವೇಶ.

ಬೇಲೂರು50
2024ರ ಜುಲೈ 1ರಿಂದ ಐಪಿಸಿ ಇಲ್ಲ ಸರ್. ಭಾರತೀಯ ನ್ಯಾಯ ಸಂಹಿತೆಯ 329.

ಹಳೇ ರೀಲು
ಸಂಖ್ಯೆ ಬದಲಾದರೆ ಪೊಲೀಸ್ ಠಾಣೆಯ ಬೆಂಚು ಮೆತ್ತಗಾಗುತ್ತದೆಯೇ?

ಬೇಲೂರು50
ಆ ಕಲಮಿಗೆ ಅಪರಾಧ ಮಾಡುವ ಅಥವಾ ಹೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶ ಇರಬೇಕು. ಚಿತ್ರ ತೆಗೆಯುವುದು ಅದರಲ್ಲಿ ಯಾವುದು?

ಕಣದ ಕಾಫಿ
ರಾತ್ರಿ ಹನ್ನೊಂದಕ್ಕೆ ನಮ್ಮ ಕಾವಲಿನವರ ಮುಂದೆ ಈ ವಾದ ಮಂಡಿಸಿ ನೋಡಿ.

ಗೊರೂರು ದಂಡೆ
ತೋಟದ ತಂಟೆ ಬೇಡವೆಂದರೆ ಕುದುರೆಮುಖಕ್ಕೆ ಹೋಗಿ. ಗಣಿ ನಿಂತದ್ದು 2005ರ ಕೊನೆಗೆ, ಪಟ್ಟಣದಲ್ಲಿ ಖಾಲಿ ಮನೆಗಳು ಸಾಲಾಗಿ ನಿಂತಿವೆ.

ಕಣದ ಕಾಫಿ
ಅದಕ್ಕಿಂತ ಕೆಟ್ಟ ಸಲಹೆ ಇಲ್ಲ. ಸುತ್ತ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದರೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕಾಡಿನಲ್ಲಿ ರಾತ್ರಿ ದೀಪ ಹಾಯಿಸಿದರೆ ಅರಣ್ಯ ಇಲಾಖೆಯವರು ಟ್ರೈಪಾಡ್ ಯಾವುದೆಂದು ಕೇಳುವುದಿಲ್ಲ, ಕೋವಿ ಎಲ್ಲಿ ಎಂದು ಕೇಳುತ್ತಾರೆ.

ನಿರ್ವಾಹಕ
ಕುದುರೆಮುಖದ ಅನುಮತಿ ಮತ್ತು ಫುಲ್ ಫ್ರೇಮ್ ಜಗಳದ ಮಿಕ್ಕ ಉತ್ತರಗಳನ್ನು ಬೇರೆ ಚರ್ಚೆಗೆ ಸಾಗಿಸಿದ್ದೇನೆ. ಇಲ್ಲಿ ದೀಪದ ವಿಷಯ ಮಾತ್ರ.

ಮಬ್ಬುಗತ್ತಲು
ದೀಪದ ವಿಷಯ ಕೇಳಿದ್ದಕ್ಕೆ ಕಾನೂನು ಪಾಠ ಆಯಿತು. ಕೊಳವೆ ಮಾಡಿ ನಮ್ಮ ಮನೆಯ ಅಟ್ಟದಲ್ಲಿ ಪರೀಕ್ಷಿಸಿದೆ: ದೀಪವನ್ನು ಕನಿಷ್ಠಕ್ಕೆ ಇಳಿಸಿ ಐಎಸ್‌ಓ 800 ಇಟ್ಟರೂ ಗೋಡೆಯ ಬಿರುಕು ಚೆನ್ನಾಗಿ ಬರುತ್ತದೆ. ಬಂಗಲೆಗೆ ಇನ್ನೂ ಹೋಗಿಲ್ಲ. ಯಜಮಾನರು ಊರಲ್ಲಿಲ್ಲ, ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರನ್ನು ಕೇಳಿದರೆ, ಕೊಯ್ಲು ಮುಗಿಯಲಿ, ಶಿವರಾತ್ರಿ ಕಳೆದ ಮೇಲೆ ಬನ್ನಿ, ಜೊತೆಗೆ ಒಬ್ಬರನ್ನು ಕಳಿಸುತ್ತೇನೆ ಎಂದರು. ಅಷ್ಟು ಹೊತ್ತಿಗೆ ಮಂಜೇ ಇರುವುದಿಲ್ಲವಲ್ಲ! ನನಗೆ ಬೇಕಿದ್ದುದೇ ಮಂಜು.

ಟ್ರೈಪಾಡ್ ಮಾವ
ಅಟ್ಟದಲ್ಲಿ ಫೋಕಸ್ ದೀಪ ಹೊತ್ತಿತ್ತೇ?

ಕಣದ ಕಾಫಿ
ರೈಟರ್ ಒಪ್ಪಿದ್ದೇ ದೊಡ್ಡದು, ಆ ದಿನವೇ ಹೋಗಿ. ಆ ವೇಳೆಗೆ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿರುತ್ತಾರೆ. ಪೈಪ್ ಬದಲಿಸಲು ರಾತ್ರಿಯೂ ಆಳುಗಳು ಓಡಾಡುತ್ತಾರೆ, ನೀರು ಬಂಗಲೆಯ ಜಗಲಿಯವರೆಗೂ ಸಿಡಿಯುತ್ತದೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ ಮರೆಯಬೇಡಿ. ಮಂಜು ಬೇಕಿದ್ದರೆ ಆ ಹನಿಗಳಿಗೇ ಹಿಂದಿನಿಂದ ದೀಪ ಹಿಡಿದು ನೋಡಿ.